ನಾಲ್ಕನೇ ಕ್ಯಾಪ್ ಬಿಗಿ ಮಾಡಿದರೆ ಕ್ರ್ಯಾಂಕ್ ತಿರುಗುವುದಿಲ್ಲ (ಜಿಪ್ಸಿಗೆ ಬೇರೆ ಎಂಜಿನ್, ಮನೆಯಲ್ಲೇ ಜೋಡಣೆ)

ಅನಗೋಳ ಮಾಸ್ತರ, ಬೆಳಗಾವಿ
ಜುಲೈ 9, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು, ಮೆಕ್ಯಾನಿಕ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬೈಯುವವರಿಗೆ ಅನುಕೂಲವಾಗಲಿ.

ನನ್ನಲ್ಲಿ 1991ರ ಮಾರುತಿ ಜಿಪ್ಸಿ ಇದೆ, ಎಂ.ಜಿ. 410. ಗೋಕಾಕದ ಕಡೆಯ ಸೋದರಮಾವ ಕಬ್ಬಿನ ಗದ್ದೆಗೆ ಓಡಾಡಲು ಇಟ್ಟುಕೊಂಡಿದ್ದರು. ಅವರ ಮೊಣಕಾಲು ಸೋತ ಮೇಲೆ ನನಗೆ ಬಂತು. ಅದರ ಸ್ವಂತ ಎಂಜಿನ್ 970 ಸಿ.ಸಿ.ಯ ಎಫ್10ಎ. ಹೆಡ್ ಬಿರುಕು ಬಿಟ್ಟಿತ್ತು, ಖಾನಾಪುರದ ಏರಿಗೆ ಬಿಟ್ಟರೆ ಹಿಂದಿನ ಗಾಡಿಯವರಿಗೆ ರಸ್ತೆ ಕಾಣದಷ್ಟು ಹೊಗೆ. ಅದಕ್ಕೆ ಮತ್ತೆ ಹಣ ಸುರಿಯುವ ಬದಲು ಗುಜರಿಯಿಂದ ಜಿಪ್ಸಿ ಕಿಂಗ್‌ನ 1.3 ಲೀಟರ್ ಎಂ.ಪಿ.ಎಫ್.ಐ. ಎಂಜಿನ್ (ಜಿ13ಬಿಬಿ, 16 ವಾಲ್ವ್‌ನದು, ಕಾರ್ಬುರೇಟರ್ ಇಲ್ಲದೆ ಪೆಟ್ರೋಲ್ ಸಿಂಪಡಿಸುವಂಥದ್ದು) ತಂದೆ. ಐದು ಗೇರಿನ ಡಬ್ಬಿಯೂ ಸೇರಿ 45,000 ರೂಪಾಯಿ. ಹಳೆಯದು ಸುಮಾರು 45 ಅಶ್ವಶಕ್ತಿ, ಇದು 80. ಲೆಕ್ಕ ಚೆನ್ನಾಗಿ ಕಂಡಿತು. ಲೆಕ್ಕ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಎಂಜಿನ್ ಪೂರ್ತಿ ಬಿಚ್ಚಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಾನೆಲ್ ಕಬ್ಬಿಣ ಬೆಸೆದು ಸ್ಟ್ಯಾಂಡ್ ಮಾಡಿಕೊಟ್ಟ. ಕಾರ್ ಶೆಡ್ಡಿನ ಒಂದು ಮೂಲೆಯೇ ನನ್ನ ಕಾರ್ಖಾನೆ. ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಗ್ರೈಂಡಿಂಗ್ ಮಾಡಿಸಿ, ಅದಕ್ಕೆ ಹೊಂದುವ 0.25 ಮಿ.ಮೀ. ಅಂಡರ್‌ಸೈಜ್ ಮೇನ್ ಬೇರಿಂಗ್ ಸೆಟ್ ತಂದೆ. ಒಂದೊಂದು ಬೇರಿಂಗೂ ಎರಡು ಅರ್ಧ ವೃತ್ತದ ಶೆಲ್, ಒಂದು ಬ್ಲಾಕಿನಲ್ಲಿ, ಇನ್ನೊಂದು ಅದರ ಮೇಲೆ ಬೋಲ್ಟ್ ಹಾಕಿ ಬಿಗಿಯುವ ಕ್ಯಾಪಿನಲ್ಲಿ. ಈ ಭಾನುವಾರ ಜೋಡಿಸಲು ಕುಳಿತೆ. ತೂತು ಮತ್ತು ತೋಡು ಇರುವ ಶೆಲ್ ಬ್ಲಾಕಿಗೆ, ಸಪಾಟಾದದ್ದು ಕ್ಯಾಪಿಗೆ. ಶೆಲ್ಲಿನ ಬೆನ್ನು ಒಣಗಿರಬೇಕು, ಹೊಟ್ಟೆಗೆ ಎಣ್ಣೆ. ಥ್ರಸ್ಟ್ ವಾಷರ್‌ಗಳ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಬಿಲ್ಲೆಗಳು) ತೋಡು ಕ್ರ್ಯಾಂಕಿನ ಕಡೆಗೆ. ಕ್ಯಾಪ್‌ಗಳು ನಂಬರಿನ ಪ್ರಕಾರ, ಬಾಣದ ಗುರುತು ಪುಲ್ಲಿಯ ಕಡೆಗೆ. ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಒಂದೊಂದಕ್ಕೂ ಸರಿ ಗುರುತು ಹಾಕುತ್ತ ಮಾಡಿದೆ.

ನಡುವಿನ ಮೂರನೇ ಕ್ಯಾಪಿನಿಂದ ಶುರು ಮಾಡಿ ಹೊರಗಿನವಕ್ಕೆ ಹೋದೆ, ಮೂರು ಸುತ್ತಿನಲ್ಲಿ 54 ನ್ಯೂಟನ್ ಮೀಟರಿಗೆ. ಮೂರನೆಯದು ಬಿಗಿ ಮಾಡಿದೆ, ಕ್ರ್ಯಾಂಕ್ ತಿರುಗಿತು. ಎರಡನೆಯದು, ತಿರುಗಿತು. ನಾಲ್ಕನೆಯದನ್ನು ಬಿಗಿ ಮಾಡಿದ ತಕ್ಷಣ ಸಿಮೆಂಟಿನಲ್ಲಿ ಹೂತಂತೆ ನಿಂತುಬಿಟ್ಟಿತು. ನಾಲ್ಕನೆಯದನ್ನು ಸಡಿಲ ಬಿಟ್ಟು 1 ಮತ್ತು 5 ಬಿಗಿ ಮಾಡಿದರೆ ಆರಾಮಾಗಿ ತಿರುಗುತ್ತದೆ. ಅಂದರೆ ದೋಷ ನಾಲ್ಕರಲ್ಲಿ ಮಾತ್ರ. ಎರಡನೆಯದರ ಶೆಲ್‌ಗಳನ್ನು ನಾಲ್ಕಕ್ಕೆ, ನಾಲ್ಕರದ್ದನ್ನು ಎರಡಕ್ಕೆ ಬದಲಿಸಿ ನೋಡಿದೆ. ಆಗಲೂ ನಾಲ್ಕೇ ಹಿಡಿಯುತ್ತದೆ. ಆದ್ದರಿಂದ ಶೆಲ್ ನಿರಪರಾಧಿ. ಮೈಕ್ರೋಮೀಟರ್ ಎರವಲು ತಂದು ಜರ್ನಲ್ (ಕ್ರ್ಯಾಂಕಿನಲ್ಲಿ ಬೇರಿಂಗಿನೊಳಗೆ ಕೂರುವ ಭಾಗ) ಅಳೆದೆ. ಐದೂ ಒಂದೇ ಅಳತೆ, ನೂರನೇ ಒಂದು ಮಿ.ಮೀ. ಒಳಗೇ ಇವೆ.

ನಮ್ಮ ಓಣಿಯ ಮೆಕ್ಯಾನಿಕ್ ಬಂದು ನೋಡಿ, “ಸರ್, ಪೂರ್ತಿ ಕಟ್ಟಿಬಿಡಿ, ಸ್ಟಾರ್ಟರ್ ಹೊಡೆದರೆ ತಾನೇ ದಾರಿ ಮಾಡಿಕೊಳ್ಳುತ್ತದೆ” ಎಂದ. ಮೂವತ್ತು ವರ್ಷದ ಅನುಭವ ಅವನದು. ನನ್ನದು ಮೂರು ತಿಂಗಳು. ಆದರೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಮಳೆ ಬೇರೆ ಅಡ್ಡಡ್ಡ ಹೊಡೆಯುತ್ತಿದೆ. ಬ್ಲಾಕಿನ ಮೇಲೆ ಶಾಲೆಯವರು ಸನ್ಮಾನದಲ್ಲಿ ಹೊದಿಸಿದ ಶಾಲು ಹೊದಿಸಿಟ್ಟಿದ್ದೇನೆ. ಶಾಲಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು.

---

ಹಿಡಕಲ್ ಹುಡುಗ
ಜುಲೈ 9, ರಾತ್ರಿ 11.15

ಸರ್, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಹೊಸ ಬೇರಿಂಗ್ ಅಂದ ಮೇಲೆ ಸ್ವಲ್ಪ ಬಿಗಿ ಇದ್ದೇ ಇರುತ್ತದೆ. ನನ್ನ ಮಾರುತಿ 800ರ ಎಂಜಿನ್ ಕಟ್ಟಿದಾಗಲೂ ಪಾನಾ ಹಾಕಿ ತಿರುಗಿಸಬೇಕಾಗಿತ್ತು. ಈಗ ಎರಡು ವರ್ಷದಿಂದ ಓಡುತ್ತಿದೆ.

---

ಉದ್ಯಮಬಾಗ ಕಾಕಾ, ಬೆಳಗಾವಿ
ಜುಲೈ 10, ಬೆಳಿಗ್ಗೆ 5.50

ಹಿಡಕಲ್‌ನ ತಮ್ಮಾ, ನೀನು ತಿರುಗಿಸಿದ್ದು ಪಿಸ್ಟನ್ ಹಾಕಿದ ಮೇಲೆ. ಹೊಸ ರಿಂಗ್ ಬೋರಿಗೆ ಉಜ್ಜುತ್ತದೆ, ಆಗ ಪಾನಾ ಬೇಕು. ಮಾಸ್ತರರ ಬ್ಲಾಕಿನಲ್ಲಿ ಇನ್ನೂ ಪಿಸ್ಟನ್ನೇ ಇಲ್ಲ. ಬರೀ ಕ್ರ್ಯಾಂಕ್ ಕೂತಿರುವಾಗ ಅದು ಎರಡು ಬೆರಳಿಗೆ ತಿರುಗಬೇಕು. ಕೈಬಿಟ್ಟ ಮೇಲೂ ಸ್ವಲ್ಪ ಸಾಗಬೇಕು.

ಮಾಸ್ತರೇ, ಸ್ಟಾರ್ಟರ್ ಹೊಡೆಯಬೇಡಿ. ನಾನು ಉದ್ಯಮಬಾಗದ ಶೆಡ್ಡುಗಳಲ್ಲಿ 31 ವರ್ಷ ಕ್ರ್ಯಾಂಕ್ ಮತ್ತು ಬ್ಲಾಕ್ ಕೆಲಸ ಮಾಡಿ ನಿವೃತ್ತನಾದವನು. ಕೆಲಸ ಕಲಿಯುವ ಕಾಲದಲ್ಲಿ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಒಂದು ಡೀಸೆಲ್ ಎಂಜಿನ್ ಹೀಗೇ ಹಿಡಿದಾಗ ಪೈಪ್ ಸಿಕ್ಕಿಸಿ ಬಲವಂತವಾಗಿ ತಿರುಗಿಸಿದ್ದೆ. ಸಡಿಲವಾಯಿತು, ಖುಷಿಪಟ್ಟೆ. ವಾರದಲ್ಲಿ ಅದು ವಾಪಸು ಬಂತು. ಬಿಚ್ಚಿದರೆ ಶೆಲ್ಲಿನಲ್ಲಿ ತಾಮ್ರ ಕಾಣುತ್ತಿತ್ತು, ಜರ್ನಲ್ ನೀಲಿಯಾಗಿತ್ತು. ನಮ್ಮ ಉಸ್ತಾದರು ಬೈಯಲಿಲ್ಲ. ಆ ಶೆಲ್ಲನ್ನು ತಂತಿಗೆ ಪೋಣಿಸಿ ನನ್ನ ಲೇತಿನ ಮೇಲೆ ತೂಗುಹಾಕಿದರು. ಆರು ತಿಂಗಳು ಅಲ್ಲೇ ತೂಗುತ್ತಿತ್ತು.

ಬೇರಿಂಗ್ ಮತ್ತು ಜರ್ನಲ್ ನಡುವೆ ಬಿಡಬೇಕಾದ ಜಾಗ ಮಿ.ಮೀ.ನ ನೂರನೇ ಎರಡರಿಂದ ನಾಲ್ಕು ಭಾಗ. ಆ ಜಾಗದಲ್ಲಿ ಎಣ್ಣೆ ಇರುತ್ತದೆ, ಕ್ರ್ಯಾಂಕ್ ಆ ಎಣ್ಣೆಯ ಮೇಲೆ ತೇಲುತ್ತದೆ. ನಿಮ್ಮ ನಾಲ್ಕರಲ್ಲಿ ಎಣ್ಣೆಗೆ ಜಾಗವೇ ಇಲ್ಲ. ಸ್ಟಾರ್ಟರ್ ಹೊಡೆದರೆ ಅದು ದಾರಿ ಮಾಡಿಕೊಳ್ಳುವುದು ನಿಜ, ಶೆಲ್ಲನ್ನು ಕೆರೆದುಕೊಂಡು. ಕೆರೆದ ಪುಡಿ ಎಲ್ಲಿಗೆ ಹೋಗುತ್ತದೆ? ಮಿಕ್ಕ ಬೇರಿಂಗ್‌ಗಳಿಗೆ.

ಶೆಲ್ ಅದಲುಬದಲು ಮಾಡಿ ನೋಡಿದ್ದು ಚೆನ್ನಾಗಿದೆ. ನನ್ನ ಕೈಕೆಳಗೆ ಕೆಲಸ ಮಾಡಿದ ಎಷ್ಟೋ ಹುಡುಗರಿಗೆ ಇದು ಹೊಳೆಯುತ್ತಿರಲಿಲ್ಲ. ಈಗ ಉಳಿದಿರುವುದು ನಾಲ್ಕನೇ ಕ್ಯಾಪ್ ಮತ್ತು ಅದರ ಕೆಳಗಿನ ಬ್ಲಾಕಿನ ಅರ್ಧ ವೃತ್ತ. ಹಾಗಾಗಿ ಒಂದೆರಡು ಮಾತು ಕೇಳಬೇಕು.

ಹಳೆಯ ಶೆಲ್‌ಗಳನ್ನು ಎಸೆದಿದ್ದೀರಾ? ಎಸೆದಿಲ್ಲವಾದರೆ ನಾಲ್ಕನೆಯದನ್ನು ಮಿಕ್ಕವುಗಳ ಪಕ್ಕ ಇಟ್ಟು ನೋಡಿ, ಸವೆತ ಒಂದೇ ತರಹ ಇದೆಯೇ?

ಮತ್ತೆ, ಶೆಲ್ ತೆಗೆದುಬಿಡಿ, ಕ್ರ್ಯಾಂಕೂ ಬೇಡ. ಖಾಲಿ ಬ್ಲಾಕಿಗೆ ಐದೂ ಕ್ಯಾಪ್ ಹಾಕಿ ಅದೇ 54ಕ್ಕೆ ಬಿಗಿ ಮಾಡಿ. ಈಗ ಕ್ಯಾಪ್ ಮತ್ತು ಬ್ಲಾಕ್ ಕೂಡುವ ಗೆರೆಯ ಮೇಲೆ ಒಳಗಡೆಯಿಂದ ಉಗುರು ಎಳೆಯಿರಿ. ಎಲ್ಲ ಕಡೆ ನುಣುಪಾಗಿ ಜಾರಬೇಕು. ನಾಲ್ಕರಲ್ಲಿ ಉಗುರು ಸಿಕ್ಕಿಕೊಂಡರೆ ನನಗೆ ತಿಳಿಸಿ. ನನ್ನ ತಲೆಯಲ್ಲಿ ಒಂದು ಅನುಮಾನ ಇದೆ, ಈಗಲೇ ಹೇಳುವುದಿಲ್ಲ. ಹೇಳಿದರೆ ನಿಮ್ಮ ಉಗುರು ನನ್ನ ಮಾತನ್ನೇ ಹೇಳುತ್ತದೆ.

ಆ ಶಾಲನ್ನು ಮೊದಲು ತೆಗೆಯಿರಿ. ಉಣ್ಣೆಯ ನಾರು ಎಣ್ಣೆಯ ದಾರಿಯೊಳಗೆ ಹೋದರೆ ಸನ್ಮಾನ ಮಾಡಿದವರೂ ಕಾಪಾಡುವುದಿಲ್ಲ.

---

ಮುಧೋಳ ಟ್ರ್ಯಾಕ್ಟರ್
ಜುಲೈ 10, ಮಧ್ಯಾಹ್ನ 1.20

ಕಾಕಾ ಅವರೇ, ದೊಡ್ಡವರು, ಮಾತಿಗೆ ಅಡ್ಡ ಬರುತ್ತಿದ್ದೇನೆ. ನಮ್ಮ ಕಡೆ ಹಳೆಯ ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್ ಎಂಜಿನ್ ಹೀಗೆ ಹಿಡಿದರೆ ಜರ್ನಲ್ಲಿಗೆ ನೀಲಿ ಬಣ್ಣ ಸವರಿ ತಿರುಗಿಸಿ, ಬಣ್ಣ ಅಂಟಿದ ಕಡೆ ಕೆರೆಯುವ ಉಳಿಯಿಂದ ಬೇರಿಂಗ್ ಕೆರೆದು ಕೂಡಿಸುತ್ತಿದ್ದರು. ನಮ್ಮಪ್ಪ ಇದರಲ್ಲಿ ನಿಪುಣ. ಸಡಿಲ ಆದರೆ ಶೆಲ್ಲಿನ ಬೆನ್ನಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಇಡುತ್ತಿದ್ದರು. ಆ ಎಂಜಿನ್‌ಗಳು ಘಟಪ್ರಭೆಯ ದಂಡೆಯ ಮೇಲೆ ಹತ್ತು ವರ್ಷ ನೀರು ಎತ್ತಿವೆ. ಮಾಸ್ತರರು ನಾಲ್ಕನೇ ಶೆಲ್ಲನ್ನು ಸ್ವಲ್ಪ ಕೆರೆದರೆ ಆಗದೇ?

---

ಉದ್ಯಮಬಾಗ ಕಾಕಾ
ಜುಲೈ 10, ಸಂಜೆ 6.05

ಆಗದು. ಆದರೆ ನಿಮ್ಮ ತಂದೆಯವರು ಮಾಡಿದ್ದು ಸರಿ. ಅವರು ಕೆರೆದದ್ದು ಬಿಳಿ ಲೋಹ ಎರಕ ಹೊಯ್ದ ಬೇರಿಂಗ್, ದಪ್ಪನೆಯದು, ಕೆರೆಯಲೆಂದೇ ಮಾಡಿದ್ದು. ನಿಧಾನಕ್ಕೆ ತಿರುಗುವ ಎಂಜಿನ್‌ಗೆ ಅದು ಸಾಕು. ಆ ಕೈಕಸುಬು ಬಲ್ಲವರು ಈಗ ಎಷ್ಟು ಜನ ಇದ್ದಾರೋ, ನಿಮ್ಮ ತಂದೆ ಇದ್ದರೆ ನನ್ನ ನಮಸ್ಕಾರ ತಿಳಿಸಿ.

ಮಾಸ್ತರರದ್ದು ತೆಳು ಶೆಲ್. ಉಕ್ಕಿನ ಪಟ್ಟಿಯ ಮೇಲೆ ಬೇರಿಂಗ್ ಲೋಹದ ಪದರ ಕೂದಲಿನಷ್ಟು. ಕೆರೆದರೆ ಮುಗಿಯಿತು. ಇನ್ನು ಬೆನ್ನಿಗೆ ಕಾಗದ ಇಟ್ಟರೆ ಶೆಲ್ ಬ್ಲಾಕಿಗೆ ಪೂರ್ತಿ ಅಂಟುವುದಿಲ್ಲ, ಕಾವು ಬ್ಲಾಕಿಗೆ ಇಳಿಯುವುದಿಲ್ಲ. ಪಂಪ್‌ಸೆಟ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ, ಈ ಎಂಜಿನ್ 6,000 ಮುಟ್ಟುತ್ತದೆ. ಕ್ಯಾಪಿಗೆ ಫೈಲ್ ಹಚ್ಚುವ ಸಲಹೆಯೂ ಇನ್ನೊಬ್ಬರಿಂದ ಬರುತ್ತದೆ ನೋಡುತ್ತಿರಿ. ಅದೂ ಬೇಡ.

---

ಅನಗೋಳ ಮಾಸ್ತರ
ಜುಲೈ 11, ರಾತ್ರಿ 9.30

ಕಾಕಾ, ಶಾಲು ತೆಗೆದೆ. ಈಗ ಶುದ್ಧ ಪಂಚೆ ಹೊದಿಸಿ ಅದರ ಮೇಲೆ ಪ್ಲಾಸ್ಟಿಕ್ ಇಳಿಬಿಟ್ಟಿದ್ದೇನೆ. ಪಂಚೆ ಯಾರದು ಎಂದು ಮನೆಯಲ್ಲಿ ವಿಚಾರಣೆ ನಡೆಯುತ್ತಿದೆ.

ಹಳೆಯ ಶೆಲ್‌ಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಗಣಿತದವರು ಏನನ್ನೂ ಎಸೆಯುವುದಿಲ್ಲ. ನಾಲ್ಕು ಜೊತೆ ಶೆಲ್‌ಗಳು ಒಂದೇ ತರಹ, ಮಾಸಲು ಬೂದು ಬಣ್ಣ, ನಡುವೆ ಸ್ವಲ್ಪ ಹೊಳಪು. ನಾಲ್ಕನೆಯದರ ಕ್ಯಾಪಿನ ಕಡೆಯ ಶೆಲ್ ಮಾತ್ರ ಬೇರೆ. ನಟ್ಟನಡುವೆ ಉಕ್ಕು ಕಾಣುವಷ್ಟು ಸವೆದಿದೆ, ಮತ್ತು ಸವೆತ ಒಂದು ಅಂಚಿನ ಕಡೆಗೆ ವಾಲಿದೆ. ಬಿಚ್ಚುವಾಗ ಇದನ್ನು ನೋಡಿದ್ದೆ. ಹಳೆಯ ಎಂಜಿನ್, ಸವೆದಿದೆ ಎಂದುಕೊಂಡು ಡಬ್ಬಿಗೆ ಹಾಕಿದ್ದೆ. ನೋಡುವುದಕ್ಕೂ ಓದುವುದಕ್ಕೂ ವ್ಯತ್ಯಾಸ ಇದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವನು ನಾನೇ.

ಖಾಲಿ ಬ್ಲಾಕಿಗೆ ಕ್ಯಾಪ್ ಹಾಕಿ ಬಿಗಿ ಮಾಡಿದೆ. ಒಂದು, ಎರಡು, ಮೂರು, ಐದು: ಉಗುರು ಗಾಜಿನ ಮೇಲೆ ಎಳೆದಂತೆ ಹೋಯಿತು. ನಾಲ್ಕರಲ್ಲಿ ಒಂದು ಕಡೆ ಟಕ್ ಎಂದು ಸಿಕ್ಕಿಕೊಂಡಿತು. ನನ್ನ ಕೈಯ ದೋಷ ಇರಬಹುದೆಂದು ಮಗಳನ್ನು ಕರೆದು, ಏನೂ ಹೇಳದೆ, ಐದನ್ನೂ ಮುಟ್ಟಿಸಿದೆ. ಅವಳೂ ನಾಲ್ಕನ್ನೇ ತೋರಿಸಿದಳು.

ಆಮೇಲೆ ಇನ್ನೊಂದು ಕಂಡಿತು. ಉಳಿದ ನಾಲ್ಕು ಕ್ಯಾಪ್‌ಗಳ ಒಳಮೈಯಲ್ಲಿ ಯಂತ್ರದ ಗೆರೆಗಳು ಒಂದೇ ಅಂತರದಲ್ಲಿ ಸಾಗುತ್ತವೆ, ಬ್ಲಾಕಿನ ಗೆರೆಗಳಿಗೆ ಹೊಂದುತ್ತವೆ. ನಾಲ್ಕನೆಯದರ ಗೆರೆಗಳು ಸ್ವಲ್ಪ ಒತ್ತಾಗಿವೆ. ಟಾರ್ಚ್ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಆದರೆ ಅದರ ಮೇಲೆ 4 ಎಂದೇ ಇದೆ, ಬಾಣವೂ ಸರಿಯಾಗಿದೆ. ಇದು ಏನು?

---

ಉದ್ಯಮಬಾಗ ಕಾಕಾ
ಜುಲೈ 12, ಬೆಳಿಗ್ಗೆ 5.40

ಅದೇ ನನ್ನ ಅನುಮಾನ. ಆ ಕ್ಯಾಪ್ ನಿಮ್ಮ ಬ್ಲಾಕಿನದಲ್ಲ.

ಕಾರ್ಖಾನೆಯಲ್ಲಿ ಕ್ಯಾಪನ್ನು ಬೇರೆ, ಬ್ಲಾಕನ್ನು ಬೇರೆ ಕೊರೆಯುವುದಿಲ್ಲ. ಐದೂ ಕ್ಯಾಪ್ ಬ್ಲಾಕಿಗೆ ಬಿಗಿದು, ಒಂದೇ ಸಲಾಕೆಯಿಂದ ಒಂದೇ ಸಾಲಿನಲ್ಲಿ ಕೊರೆಯುತ್ತಾರೆ. ಅಲ್ಲಿಂದ ಮುಂದೆ ಆ ಕ್ಯಾಪ್ ಆ ಬ್ಲಾಕಿಗೇ ಸೇರಿದ್ದು. ಮೇಲಿನ ನಂಬರ್ ಅಚ್ಚಿನಲ್ಲೇ ಬರುತ್ತದೆ, ಎಲ್ಲ ಎಂಜಿನ್‌ಗೂ ಅದೇ 1ರಿಂದ 5. ನಾಲ್ಕು ಎಂದರೆ ನಾಲ್ಕನೇ ಜಾಗದ್ದು ಎಂದಷ್ಟೇ ಅರ್ಥ, ಯಾರ ಮನೆಯ ನಾಲ್ಕು ಎಂದಲ್ಲ. ನಿಮಗಿಂತ ಮೊದಲು ಯಾರೋ ಎರಡು ಎಂಜಿನ್ ಒಟ್ಟಿಗೆ ಬಿಚ್ಚಿದ್ದಾರೆ, ಕ್ಯಾಪ್‌ಗಳು ಒಂದೇ ಬುಟ್ಟಿಗೆ ಬಿದ್ದಿವೆ. ಹಾಗಾದರೆ ಈ ಎಂಜಿನ್ ಮೊದಲು ಹೇಗೆ ಓಡಿತು ಎಂದು ಕೇಳುತ್ತೀರಿ. ಶೆಲ್ ಸವೆದು ಜಾಗ ಮಾಡಿಕೊಂಡಿತ್ತು, ನಿಮ್ಮ ಮೆಕ್ಯಾನಿಕ್ ಹೇಳಿದ ಹಾಗೆಯೇ. ಬಿಸ್ಕತ್ತಿನ ಡಬ್ಬಿಯಲ್ಲಿ ಆ ದಾರಿ ಇದೆ, ಅವರಿಗೆ ತೋರಿಸಿ.

ಇನ್ನು ಅಳತೆ ಬೇಕು. ಬ್ಲಾಕನ್ನು ಆಟೋದಲ್ಲಿ ಹಾಕಿಕೊಂಡು ಉದ್ಯಮಬಾಗಕ್ಕೆ ಬನ್ನಿ. ಬೋರ್ ಗೇಜ್ (ತೂತಿನ ಒಳ ಅಳತೆ ನೋಡುವ ಉಪಕರಣ) ಇರುವ ಯಾವ ಶೆಡ್ಡಾದರೂ ಸರಿ. ಕ್ಯಾಪ್‌ಗಳನ್ನು 54ಕ್ಕೆ ಬಿಗಿ ಮಾಡಿಯೇ ಅಳೆಯಬೇಕು, ಕೈಬಿಗಿಯ ಅಳತೆ ಅಳತೆಯಲ್ಲ. ನಿಲುವಿನಲ್ಲಿ ಒಂದು, ಓರೆಯಲ್ಲಿ ಎರಡು. ಸಂಖ್ಯೆ ಹಾಕಿ, ಆಮೇಲೆ ಮಾತಾಡೋಣ.

---

ಗೋಳಗುಮ್ಮಟ ಗಾಳಿ, ವಿಜಯಪುರ
ಜುಲೈ 12, ಮಧ್ಯಾಹ್ನ 3.00

ಮಾಸ್ತರರೇ, ಬೇರಿಂಗ್ ವಿಚಾರ ಕಾಕಾ ನೋಡಿಕೊಳ್ಳುತ್ತಾರೆ. ನಾನು ಬೇರೆ ಕಡೆಯಿಂದ ಬರುತ್ತೇನೆ. ಮೂರು ವರ್ಷದ ಹಿಂದೆ ನಾನೂ ನನ್ನ 410ಗೆ ಕಿಂಗ್‌ನ ಎಂಜಿನ್ ಹಾಕಿದೆ. ನಮ್ಮಲ್ಲಿ ಮಳೆಯ ಕಾಟ ಇಲ್ಲ, ಧೂಳಿನ ಕಾಟ. ಮೇ ತಿಂಗಳ ಗಾಳಿಯಲ್ಲಿ ಎಂಜಿನ್ ತೆರೆದಿಟ್ಟರೆ ಸಂಜೆಗೆ ಬೋರಿನಲ್ಲಿ ಜೋಳ ಬಿತ್ತಬಹುದು. ನಾನು ಎಲ್ಲ ಜೋಡಣೆ ಬೆಳಗಿನ ಜಾವ ಮಾಡಿದೆ.

ಕಾಗದದ ವಿಷಯ ಮೊದಲು. ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಆರ್.ಸಿ.ಯಲ್ಲಿ ನಂಬರೂ ಸಿ.ಸಿ.ಯೂ ದಾಖಲಾಗಿರುತ್ತವೆ. ನಿಮ್ಮದು 970ರಿಂದ 1298ಕ್ಕೆ ಹೋಗುತ್ತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಯ ಬಗ್ಗೆಯೇ ಇದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶವಿಲ್ಲ ಎಂದು ಹೇಳಿದೆ. ಅದಕ್ಕೇ ಎಂಜಿನ್ ಒಳಗೆ ಇಳಿಸುವ ಮೊದಲು ನಿಮ್ಮ ಆರ್.ಟಿ.ಒ. ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ. ಎಂಜಿನ್ ಕೊಂಡ ರಸೀದಿ, ಅದು ಬಂದ ಗಾಡಿಯ ಕಾಗದ ಎರಡೂ ಕೈಯಲ್ಲಿರಲಿ. ಗುಜರಿಯವರು ಬರೀ ಬಿಳಿ ಚೀಟಿ ಕೊಟ್ಟಿದ್ದರೆ ಇವತ್ತೇ ಹೋಗಿ ಸರಿಯಾದದ್ದು ಕೇಳಿ. ನಾಳೆ ಅವರಿಗೆ ನೆನಪಿರುವುದಿಲ್ಲ. ಇನ್ನೊಂದು, ಈ ಬ್ಲಾಕ್ ಬೇಡ, ಬೇರೆ ಬ್ಲಾಕ್ ತರೋಣ ಎಂದು ಯಾರಾದರೂ ಹೇಳಿದರೆ ನೆನಪಿಡಿ: ಬ್ಲಾಕ್ ಬದಲಾದರೆ ನಂಬರೂ ಬದಲು, ಕಾಗದವೂ ಮೊದಲಿಂದ.

ಗೇರ್ ಡಬ್ಬಿ ಜೊತೆಗೇ ತಂದದ್ದು ಬುದ್ಧಿವಂತಿಕೆ. ಆದರೆ ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಹಿಂದಿನ ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಬ್ಬಿ) ಬೇರೆಯೇ ಕೂತಿರುತ್ತದೆ, ನಡುವೆ ಗಿಡ್ಡ ಶಾಫ್ಟ್. ನಿಮ್ಮ ಹಳೆಯ ನಾಲ್ಕು ಗೇರಿನ ಡಬ್ಬಿಯನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಉದ್ದ ಅಳೆದುಕೊಳ್ಳಿ, ಆ ಶಾಫ್ಟ್ ಹೊಂದುತ್ತದೋ ಇಲ್ಲವೋ ಮೊದಲೇ ಗೊತ್ತಾಗಲಿ. ನಾನು ಅಳೆಯದೆ ಎಂಜಿನ್ ಇಳಿಸಿ, ಮತ್ತೆ ಮೇಲೆತ್ತಿದವನು.

ಪೆಟ್ರೋಲ್ ಪೈಪ್ ಹಳೆಯದನ್ನೇ ಬಿಡಬೇಡಿ. ಅದು ಕಾರ್ಬುರೇಟರಿನ ಅಲ್ಪ ಒತ್ತಡಕ್ಕೆ ಮಾಡಿದ್ದು. ಎಂ.ಪಿ.ಎಫ್.ಐ.ಗೆ ವಿದ್ಯುತ್ ಪಂಪ್ ಬೇಕು, ಅದರ ಒತ್ತಡ ಎಷ್ಟೋ ಪಟ್ಟು ಹೆಚ್ಚು. ಹಳೆಯ ರಬ್ಬರ್ ಒಡೆದರೆ ಪೆಟ್ರೋಲ್ ಚಿಮ್ಮುವುದು ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ. ಒತ್ತಡ ತಡೆಯುವ ಪೈಪ್, ಸರಿಯಾದ ಕ್ಲಿಪ್, ಒಂದು ಫಿಲ್ಟರ್. ಇದರಲ್ಲಿ ಉಳಿತಾಯ ಬೇಡ. ವೈರಿಂಗ್ ಮತ್ತು ಇ.ಸಿ.ಯು. (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಡಬ್ಬಿ) ಒಂದೇ ಗಾಡಿಯದ್ದು ಸಿಕ್ಕಿದೆಯೇ? ಇಲ್ಲವಾದರೆ ಮುಂದಿನ ಬೇಸಿಗೆಯವರೆಗೂ ನಿಮಗೆ ಕೆಲಸ ಇದೆ.

---

ಅನಗೋಳ ಮಾಸ್ತರ
ಜುಲೈ 14, ರಾತ್ರಿ 8.50

ವಿಜಯಪುರದವರೇ, ನೀವು ಹೇಳಿದ ಮೇಲೆ ನಿದ್ದೆ ಬರಲಿಲ್ಲ. ಬಿಳಿ ಚೀಟಿಯೇ ಇತ್ತು. ನಿನ್ನೆ ಹೋಗಿ ಎಂಜಿನ್ ನಂಬರ್ ಬರೆದ ರಸೀದಿ, ರದ್ದಾದ ಗಾಡಿಯ ಕಾಗದದ ನಕಲು ಎರಡೂ ತಂದೆ. ಆರ್.ಟಿ.ಒ. ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಉತ್ತರ ಬರುವವರೆಗೆ ಎಂಜಿನ್ ಸ್ಟ್ಯಾಂಡಿನ ಮೇಲೆಯೇ ಇರುತ್ತದೆ. ವೈರಿಂಗ್ ಇದೆ, ಇ.ಸಿ.ಯು. ಕೂಡ ಅದೇ ಗಾಡಿಯದು.

ಕಾಕಾ, ಅಳತೆ: 1, 2, 3, 5 ಒಂದಕ್ಕೊಂದು ಮಿ.ಮೀ.ನ ನೂರನೇ ಒಂದು ಭಾಗದೊಳಗೆ. ನಾಲ್ಕು, ನಿಲುವಿನಲ್ಲಿ ಉಳಿದವುಗಳಿಗಿಂತ 0.06 ಮಿ.ಮೀ. ಕಡಿಮೆ. ಓರೆಯಲ್ಲಿ ಒಂದು ಕಡೆ 0.04, ಇನ್ನೊಂದು ಕಡೆ 0.02 ಕಡಿಮೆ. ಎಣ್ಣೆಗೆ ಬೇಕಾದ ಜಾಗವೇ ಹೆಚ್ಚೆಂದರೆ 0.04 ಎಂದಿರಿ. ಅಂದರೆ ಕ್ಯಾಪ್ ಕ್ರ್ಯಾಂಕನ್ನು ಹಿಂಡುತ್ತಿತ್ತು. ಸ್ಟಾರ್ಟರ್ ಹೊಡೆಯದೆ ಉಳಿದದ್ದು ನಿಮ್ಮಿಂದ.

ಮೆಕ್ಯಾನಿಕ್‌ಗೆ ಡಬ್ಬಿಯ ಶೆಲ್ ತೋರಿಸಿದೆ. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. “ಇದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಸರ್” ಎಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಚಹಾ ತರಿಸಿದೆ.

---

ಉದ್ಯಮಬಾಗ ಕಾಕಾ
ಜುಲೈ 15, ಬೆಳಿಗ್ಗೆ 5.45

ಕಡಿಮೆ ಇರುವುದು ಅದೃಷ್ಟ. ಹೆಚ್ಚಿದ್ದಿದ್ದರೆ ಕ್ಯಾಪಿನ ಪಾದ ಸವರಿ ತಗ್ಗಿಸಿ ಆಮೇಲೆ ಕೊರೆಯಬೇಕಿತ್ತು. ನಿಮ್ಮಲ್ಲಿ ತೆಗೆಯಲು ಲೋಹ ತಾನಾಗಿಯೇ ಇದೆ. ಲೈನ್ ಬೋರಿಂಗ್, ಅಂದರೆ ಕಾರ್ಖಾನೆಯ ಹಾಗೆ ಒಂದೇ ಸಾಲಿನಲ್ಲಿ ಕೊರೆಯುವುದನ್ನು, ಮಾಡಿಸಿ. ಬ್ಲಾಕ್ ಉಳಿಯುತ್ತದೆ, ವಿಜಯಪುರದವರು ಹೇಳಿದ ನಂಬರೂ ಉಳಿಯುತ್ತದೆ.

ಶೆಡ್ಡಿನಲ್ಲಿ ಎರಡು ಮಾತು ಹೇಳಿ. ಒಂದು, ಹೋನಿಂಗ್ ಕಲ್ಲಿನಿಂದ (ಉಜ್ಜಿ ನುಣುಪು ಮಾಡುವ ಕಲ್ಲು) ಶುರು ಮಾಡುವುದು ಬೇಡ, ಬೋರಿಂಗ್ ಬಾರ್ ಹಾಕಲಿ. ಕ್ಯಾಪ್ ಬೀಡು ಕಬ್ಬಿಣ, ಬ್ಲಾಕ್ ಅಲ್ಯೂಮಿನಿಯಂ. ಕಲ್ಲು ಮೆತ್ತಗಿನದನ್ನು ಮೊದಲು ತಿನ್ನುತ್ತದೆ, ನಿಮ್ಮ ಬ್ಲಾಕಿನ ಅರ್ಧ ವೃತ್ತ ಆಳಕ್ಕೆ ಹೋಗುತ್ತದೆ, ಬೀಡು ಹಾಗೇ ಉಳಿಯುತ್ತದೆ. ಎರಡು, ಬಾರನ್ನು ಒಳ್ಳೆಯ ನಾಲ್ಕು ಬೋರ್‌ಗಳಿಗೆ ಕೂಡಿಸಿಕೊಂಡು ನಾಲ್ಕನೆಯದನ್ನು ಮಾತ್ರ ತೆಗೆಯಲಿ. ಬಿಗಿ ಮಾಡುವ ಮೊದಲು ಆ ಕ್ಯಾಪನ್ನು ಉಗುರು ಸಿಕ್ಕುವ ಕಡೆಯಿಂದ ನಡುವಿಗೆ ತಳ್ಳಿ ಹಿಡಿಯಬೇಕು. ಬೋಲ್ಟಿನ ತೂತಿನಲ್ಲಿ ಅಷ್ಟು ಸಡಿಲ ಇರುತ್ತದೆ. ಆಮೇಲೆ ಹೊರಗೆ ನೀವೇ ಒಂದು ಪಂಚ್ ಗುರುತು ಹಾಕಿ, ಬ್ಲಾಕಿಗೂ ಕ್ಯಾಪಿಗೂ.

ಬೋರಿಂಗಿಗಿಂತ ಮುಖ್ಯವಾದದ್ದು ಆಮೇಲಿನ ತೊಳೆಯುವಿಕೆ. ಜನ ಇದನ್ನು ಹೆಂಗಸರ ಕೆಲಸ ಎಂದು ಬಿಡುತ್ತಾರೆ, ಎಂಜಿನ್ ಸಾಯುವುದು ಇಲ್ಲೇ. ಎಣ್ಣೆಯ ದಾರಿಯ ತುದಿಯ ಪ್ಲಗ್‌ಗಳನ್ನು ಬಿಚ್ಚಿ. ಬಿಚ್ಚದೆ ತೊಳೆದರೆ ಚೂರು ಆ ಕುರುಡು ಮೂಲೆಯಲ್ಲಿ ಕಾಯುತ್ತ ಕೂತಿರುತ್ತದೆ. ಉದ್ದನೆಯ ನೈಲಾನ್ ಬ್ರಷ್ ಆಚೆಯಿಂದ ಈಚೆಗೆ ಎಳೆಯಿರಿ. ಮೊದಲು ಸೀಮೆಎಣ್ಣೆ, ಆಮೇಲೆ ಬಿಸಿನೀರು ಮತ್ತು ಬಟ್ಟೆ ಸೋಪು. ನಗಬೇಡಿ, ಸಿಲಿಂಡರಿನ ಗೋಡೆಯ ಗೆರೆಗಳಲ್ಲಿ ಕೂತ ಕಲ್ಲಿನ ಪುಡಿ ಸೀಮೆಎಣ್ಣೆಗೆ ಬರುವುದಿಲ್ಲ, ಸೋಪಿಗೆ ಬರುತ್ತದೆ. ಬಿಳಿ ಬನಿಯನ್ ಬಟ್ಟೆಗೆ ಎಣ್ಣೆ ಹಚ್ಚಿ ಬೋರ್ ಒರೆಸಿ. ಬಟ್ಟೆ ಬೂದು ಬಣ್ಣವಾದರೆ ಮತ್ತೆ ತೊಳೆಯಿರಿ. ಬಿಳಿಯಾಗಿಯೇ ಹೊರಬರುವವರೆಗೆ. ನಾಲ್ಕೈದು ಸಲ ಆಗುತ್ತದೆ.

ನೀರು ಹಾಕಿದ ಮೇಲೆ ಫೋನ್ ಬಂತು, ಊಟಕ್ಕೆ ಕರೆದರು ಎಂದು ಹೋಗುವಂತಿಲ್ಲ. ನಿಮ್ಮ ಬ್ಲಾಕ್ ಅಲ್ಯೂಮಿನಿಯಂ, ಅದಕ್ಕೆ ತೊಂದರೆ ಇಲ್ಲ. ಒಳಗಿನ ಲೈನರ್ ಬೀಡು. ಬೆಳಗಾವಿಯ ಜುಲೈನಲ್ಲಿ ಒದ್ದೆ ಬೀಡು ಕಣ್ಣೆದುರೇ ಕೆಂಪಾಗುತ್ತದೆ. ಗಾಳಿ ಹೊಡೆದು ಒಣಗಿಸಿ ತಕ್ಷಣ ಎಣ್ಣೆ ಸವರಿ.

ಕೊನೆಗೆ ಪ್ಲಾಸ್ಟಿಗೇಜ್ ತಂದುಕೊಳ್ಳಿ, ಹಸಿರು ಬಣ್ಣದ್ದು. ಜರ್ನಲ್ಲಿನ ಮೇಲೆ ಎಳೆ ಇಟ್ಟು ಕ್ಯಾಪ್ ಬಿಗಿದು ಬಿಚ್ಚಿ, ಚಪ್ಪಟೆಯಾದ ಅಗಲವನ್ನು ಕಾಗದದ ಅಳತೆಗೆ ಹೋಲಿಸಿ, ಅಗಲ ಹೆಚ್ಚಿದಷ್ಟೂ ಎಣ್ಣೆಯ ಜಾಗ ಕಡಿಮೆ. ಅಳೆಯುವಾಗ ಎಣ್ಣೆ ಇರಬಾರದು, ಕ್ರ್ಯಾಂಕ್ ತಿರುಗಿಸಲೂ ಬಾರದು.

---

ಅನಗೋಳ ಮಾಸ್ತರ
ಜುಲೈ 27, ರಾತ್ರಿ 11.10

ತಡವಾಯಿತು, ಶಾಲೆಯಲ್ಲಿ ಕಿರು ಪರೀಕ್ಷೆ ಇತ್ತು. ಶೆಡ್ಡಿನವರು ಬೋರಿಂಗ್ ಮಾಡಿಕೊಟ್ಟರು. ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಬಾರ್ ನಾಲ್ಕನೇ ಕ್ಯಾಪಿನಲ್ಲಿ ಮಾತ್ರ ಲೋಹ ಕಿತ್ತಿತು, ಬ್ಲಾಕಿನ ಕಡೆ ಬರೀ ಮುಟ್ಟಿ ಹೋಯಿತು. ಮತ್ತೆ ಉಗುರು ಎಳೆದೆ. ಗಾಜು.

ತೊಳೆದದ್ದು ಆರು ಸಲ. ಮೂರನೆಯ ಸಲವೇ ಬಟ್ಟೆ ಬಿಳಿಯಾಗಿ ಬಂದಂತಿತ್ತು. ಬೆಳಕಿಗೆ ಹಿಡಿದರೆ ಬೂದು ಛಾಯೆ. ಎಣ್ಣೆದಾರಿಯ ಪ್ಲಗ್ ಹಿಂದಿನಿಂದ ಸಾಸಿವೆಯ ಗಾತ್ರದ ಒಂದು ಚೂರು ಹೊರಬಂತು. ಅದು ನನ್ನ ಬೋರಿಂಗಿನದಲ್ಲ, ಯಾವ ಕಾಲದ್ದೋ. ಅದನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದೇನೆ.

ಪ್ಲಾಸ್ಟಿಗೇಜ್: 1, 2, 3 ಮತ್ತು 5ರಲ್ಲಿ ಪಟ್ಟಿ 0.038ರ ಗೆರೆಗೆ ಸರಿಯಾಗಿ ಕೂತಿತು, ನಾಲ್ಕರಲ್ಲಿ 0.038ಕ್ಕಿಂತ ಕೂದಲೆಳೆಯಷ್ಟು ಅಗಲ. ಎಣ್ಣೆ ಹಾಕಿ, ಐದೂ ಕ್ಯಾಪ್ 54ಕ್ಕೆ ಬಿಗಿ ಮಾಡಿ, ಮಗಳನ್ನು ಕರೆದೆ. ಎರಡು ಬೆರಳಿನಿಂದ ತಿರುಗಿಸಿದಳು. ಕೈ ಬಿಟ್ಟ ಮೇಲೆ ಕಾಲು ಸುತ್ತು ತಾನೇ ಹೋಗಿ ನಿಂತಿತು. “ಇಷ್ಟಕ್ಕಾ ಮೂರು ವಾರ?” ಎಂದಳು.

ಈಗ ಪಿಸ್ಟನ್ ರಿಂಗ್. ಬೋರ್ 74 ಮಿ.ಮೀ. ಮೇಲಿನ ರಿಂಗನ್ನು ಬೋರಿಗೆ ಹಾಕಿ ಫೀಲರ್ ಗೇಜಿನಿಂದ ತುದಿಯ ಸಂದು ಅಳೆದೆ. ಮೂರು ಸಿಲಿಂಡರಿನಲ್ಲಿ 0.25ರಿಂದ 0.30. ಎರಡನೇ ಸಿಲಿಂಡರಿನಲ್ಲಿ 0.15 ಮಾತ್ರ. ರಿಂಗ್ ಬದಲಿಸಿ ನೋಡಿದೆ, ಈ ಸಲ ದೋಷ ರಿಂಗಿನದೇ, ಎಲ್ಲಿ ಹಾಕಿದರೂ ಕಡಿಮೆ. ಉಜ್ಜಬಹುದೇ?

---

ಉದ್ಯಮಬಾಗ ಕಾಕಾ
ಜುಲೈ 28, ಬೆಳಿಗ್ಗೆ 5.35

ಉಜ್ಜಬಹುದು. ಫೈಲ್ ಹಚ್ಚಲು ನಾನು ಒಪ್ಪುವ ಜಾಗ ಇದೊಂದೇ. ಸಂದು ಕಡಿಮೆ ಇದ್ದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ಹೊಡೆಯುತ್ತದೆ, ಬೋರಿಗೆ ಗೀರು ಬೀಳುತ್ತದೆ. ಆದರೆ ಮೊದಲು ರಿಂಗ್ ನೇರವಾಗಿ ಕೂತಿತ್ತೇ ನೋಡಿ. ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಅದರ ಸಪಾಟು ತಲೆಯಿಂದ ರಿಂಗನ್ನು ಒಳಕ್ಕೆ ತಳ್ಳಿದರೆ ಓರೆಯಾಗುವುದಿಲ್ಲ. ಆಮೇಲೂ 0.15 ಬಂದರೆ ನುಣುಪು ಫೈಲನ್ನು ವೈಸಿನಲ್ಲಿ ಹಿಡಿದು ರಿಂಗಿನ ಒಂದೇ ತುದಿಯನ್ನು ಹೊರಮೈಯಿಂದ ಒಳಕ್ಕೆ ಎಳೆಯಿರಿ, ಒಳಗಿನಿಂದ ಹೊರಕ್ಕೆ ಬೇಡ, ಅಂಚು ಚಿಪ್ಪೇಳುತ್ತದೆ. ಎರಡು ಎಳೆತ, ಒಂದು ಅಳತೆ. 0.25ಕ್ಕೆ ನಿಲ್ಲಿಸಿ.

ರಿಂಗಿನ ಅಕ್ಷರ ಇರುವ ಮೈ ಮೇಲಕ್ಕೆ. ಮೂರೂ ಸಂದು ಒಂದೇ ಸಾಲಿಗೆ ಬರದಂತೆ ತಿರುಗಿಸಿಡಿ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಕ್ಯಾಪ್‌ಗಳಿಗೂ ಮೇನ್ ಕ್ಯಾಪಿನದೇ ಕಥೆ, ಅವೂ ಜೋಡಿಯಾಗಿ ಹುಟ್ಟಿದವು. ಖಾಲಿ ರಾಡಿಗೆ ಕ್ಯಾಪ್ ಬಿಗಿದು ಉಗುರು ಎಳೆಯುವುದನ್ನು ಇಲ್ಲೂ ಮಾಡಿ. ಆ ಬುಟ್ಟಿಯಲ್ಲಿ ಇನ್ನೇನೇನು ಕಲೆತಿತ್ತೋ.

---

ಅನಗೋಳ ಮಾಸ್ತರ
ಜುಲೈ 29, ರಾತ್ರಿ 9.15

ಎಳೆದೆ ಕಾಕಾ. ನಾಲ್ಕೂ ಗಾಜು. ರಿಂಗ್ 0.26ಕ್ಕೆ ನಿಂತಿದೆ. ಆರ್.ಟಿ.ಒ. ಕಚೇರಿಯವರು ಬುಧವಾರ ಬರಲು ಹೇಳಿದ್ದಾರೆ. ಅಷ್ಟರೊಳಗೆ ಪಿಸ್ಟನ್ ಇಳಿಸುತ್ತೇನೆ. ಪಂಚೆ ವಾಪಸು ಕೊಡಬೇಕಾಗಿ ಬಂತು, ಈಗ ಎಂಜಿನ್‌ಗೆ ಹಳೆಯ ಸೊಳ್ಳೆ ಪರದೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದೇನೆ.